ಬಣ್ಣಕ್ಕೆ ಕೋಟಿ, ಕೈಗೆ ಹೆಸರೂ ಇಲ್ಲ

1/10

77 ಸೆಕೆಂಡ್. ಒಂದು ಹಳೇ ಕಂಬಳಿ. 15 ಲಕ್ಷ ಡಾಲರ್.

2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಹರಾಜು ಅದು. ಆಗಿನ ರೇಟಲ್ಲಿ ಲೆಕ್ಕ ಹಾಕಿದ್ರೆ 8 ಕೋಟಿ ರೂಪಾಯಿ ದಾಟುತ್ತೆ. ಮಾರಿದವನು ತೀರಾ ಕಷ್ಟದಲ್ಲಿದ್ದ ಒಬ್ಬ ಸಾಮಾನ್ಯ ಮನುಷ್ಯ. ಅಜ್ಜಿ ಕಡೆಯಿಂದ ಬಂದಿದ್ದ ನವಾಹೊ ಕಂಬಳಿ ಮನೆಯಲ್ಲಿ ಸುಮ್ಮನೆ ಬಿದ್ದಿತ್ತು. ಈ ಕಥೆಯ ರೀಲ್ ನಮ್ಮ ಕ್ಲಾಸ್ ಗ್ರೂಪಲ್ಲೇ ಮೂರು ಸಲ ಬಂತು.

ಕೆಳಗಿನ ಮಾತುಗಳನ್ನ ನೀವೇ ಊಹಿಸಬಹುದು. "ಲಕ್ ಅಂದ್ರೆ ಇದು ಗುರು." "ಇವತ್ತೇ ಊರಿಗೆ ಹೋಗಿ ಅಜ್ಜಿ ಟ್ರಂಕ್ ತೆಗೀತೀನಿ." "ಅದು ನ್ಯಾಚುರಲ್ ಡೈ ಕಣೋ, ಅದಕ್ಕೇ ಆ ರೇಟು."

ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಒಳ್ಳೇದಾಯ್ತು, ಆಗಲಿ. ಆದ್ರೆ ಅಷ್ಟು ಜನ ಬರೆದ್ರಲ್ಲ, ಒಬ್ಬರಾದ್ರೂ "ಇದನ್ನ ನೇಯ್ದವಳು ಯಾರು?" ಅಂತ ಕೇಳಿದ್ರಾ? ಇಲ್ಲ. ಕೇಳಿದ್ರೂ ಉತ್ತರ ಸಿಗ್ತಿರಲಿಲ್ಲ. ಆ ಕಾಲದ ಕಂಬಳಿಗಳ ಪಕ್ಕ ಬುಡಕಟ್ಟಿನ ಹೆಸರು ಇರುತ್ತೆ, ಅಂದಾಜು ಇಸವಿ ಇರುತ್ತೆ, ಉಣ್ಣೆ ಯಾವುದು, ಬಣ್ಣ ಯಾವುದು ಅಂತ ಇರುತ್ತೆ. ನೇಯ್ದವಳ ಹೆಸರು ಮಾತ್ರ ಹೆಚ್ಚುಕಡಿಮೆ ಎಲ್ಲೂ ಇರಲ್ಲ.

ನಾನು ಬಿಕಾಂ. ಕಲೆ ಬಗ್ಗೆ ಭಾಷಣ ಮಾಡೋಕೆ ಬಂದಿಲ್ಲ. ಆದ್ರೆ ಫಸ್ಟ್ ಸೆಮಲ್ಲೇ ನಮಗೆ ಹೇಳಿಕೊಡ್ತಾರೆ: ಒಂದು ಕಡೆ ಡೆಬಿಟ್ ಇದ್ರೆ ಇನ್ನೊಂದು ಕಡೆ ಕ್ರೆಡಿಟ್ ಇರಲೇಬೇಕು. ಈ ಕಂಬಳಿ ಲೆಕ್ಕದಲ್ಲಿ ಒಂದು ಎಂಟ್ರಿ ಕಾಣೆಯಾಗಿದೆ.

ನಾನು ಹೇಳೋದು ಇಷ್ಟೇ. ಹಳೇ ನವಾಹೊ ಕಂಬಳಿ ಕಲೆಹಾಕೋ ಲೋಕ "ಆಂಟಿಕ್", "ನ್ಯಾಚುರಲ್ ಡೈ" ಅನ್ನೋ ಎರಡು ಪದಕ್ಕೆ ಕೋಟಿ ಸುರಿಯುತ್ತೆ. ಅದೇ ಎರಡು ಪದದ ಹಿಂದೆ ನೇಯ್ದವಳು ಮರೆಯಾಗಿದ್ದಾಳೆ, ಇವತ್ತು ಮಗ್ಗದ ಮುಂದೆ ಕೂತಿರೋ ಅವಳ ಮರಿಮೊಮ್ಮಗಳೂ ಮರೆಯಾಗಿದ್ದಾಳೆ. ಹತ್ತು ಪೋಸ್ಟ್ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

2/10

ಮೊದಲು ಉಚ್ಚಾರ. ನವಾಜೋ ಅಲ್ಲ ಕಣ್ರೋ, ನವಾಹೊ. ಅವರು ತಮ್ಮನ್ನ ಕರ್ಕೊಳ್ಳೋದು ಡಿನೇ ಅಂತ. ಅಂದ್ರೆ "ಜನ". ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೋ, ಯೂಟಾ ರಾಜ್ಯಗಳು ಸೇರೋ ಮೂಲೆಯಲ್ಲಿ ಅವರ ನೆಲ ಇದೆ. ಇಡೀ ಕೇರಳಕ್ಕಿಂತ ದೊಡ್ಡದು.

ಅಲ್ಲಿ ವಂಶ ತಾಯಿ ಕಡೆಯಿಂದ. ನೇಯ್ಗೆ ಹೆಚ್ಚಾಗಿ ಹೆಂಗಸರ ಕೆಲಸ. ನೇಯೋದನ್ನ ತಮಗೆ ಕಲಿಸಿದ್ದು ಜೇಡಮ್ಮ, ಸ್ಪೈಡರ್ ವುಮನ್, ಅಂತ ಅವರ ನಂಬಿಕೆ. ಇತಿಹಾಸ ಬರೆಯೋರು ನೆರೆಯ ಪ್ವೆಬ್ಲೊ ಜನರಿಂದ 17ನೇ ಶತಮಾನದ ಹೊತ್ತಿಗೆ ಕಲಿತರು ಅಂತಾರೆ. ಉಣ್ಣೆ ಚುರ್ರೊ ಕುರಿಯದ್ದು. ಸ್ಪೇನಿನವರು ತಂದ ತಳಿ. ಉದ್ದ ಎಳೆ, ಜಿಡ್ಡು ಕಮ್ಮಿ. ನೀರಿಗೆ ಬರ ಇರೋ ಆ ನೆಲದಲ್ಲಿ ಜಿಡ್ಡು ಕಮ್ಮಿ ಅನ್ನೋದೇ ದೊಡ್ಡ ವರ. ತೊಳೆಯೋ ಕೆಲಸ ಉಳೀತು. ಮಗ್ಗ ನೆಟ್ಟಗೆ ನಿಂತಿರುತ್ತೆ, ನೇಯೋಳು ಅದರ ಮುಂದೆ ನೆಲದ ಮೇಲೆ ಕೂರ್ತಾಳೆ. ಹಾಸಿನ ನೂಲು ಹೊರಗೆ ಕಾಣದ ಹಾಗೆ ಹೊಕ್ಕಿನ ನೂಲನ್ನ ಬಡಿದು ಬಡಿದು ಕೂರಿಸ್ತಾಳೆ.

ಈಗ ಕಲೆಹಾಕೋರು ಇಟ್ಟ ಹೆಸರುಗಳನ್ನ ನೋಡಿ. ಅತಿ ದುಬಾರಿ ಕಂಬಳಿಗೆ "ಚೀಫ್ ಬ್ಲಾಂಕೆಟ್" ಅಂತಾರೆ. ನವಾಹೊಗಳಲ್ಲಿ ಇದನ್ನ ಹೊದ್ದುಕೊಳ್ಳೋಕೆ ಅಂತ ಒಬ್ಬ ರಾಜನೋ ಮುಖಂಡನೋ ಇರಲಿಲ್ಲ. ಯೂಟ್, ಶಯೆನ್, ಲಕೋಟ ಜನರಲ್ಲಿ ಕೈ ನಡೆಯೋರು ಕೊಂಡು ಹೊದೀತಿದ್ರು, ಅದಕ್ಕೆ ಆ ಹೆಸರು. ಕೊಂಡವನ ಪದವಿ ಹೆಸರಾಯ್ತು. ನೇಯ್ದವಳು ಹೆಸರಲ್ಲೇ ಇಲ್ಲ.

ಇನ್ನೊಂದು ಇದೆ. ಅಗಲದ ಕಂಬಳಿಯನ್ನ ಅವಳು ಒಂದೊಂದು ಭಾಗ ಮಾಡಿ ನೇಯ್ತಾ ಹೋಗ್ತಾಳೆ. ಭಾಗಗಳು ಕೂಡೋ ಕಡೆ ಓರೆಯಾಗಿ ಒಂದು ಸಣ್ಣ ಗೆರೆ ಉಳಿಯುತ್ತೆ. ಅಸಲಿ ನವಾಹೊ ಕಂಬಳಿ ಅಂತ ಗುರುತಿಸೋಕೆ ಇವತ್ತಿಗೂ ಹುಡುಕೋದು ಆ ಗೆರೆಯನ್ನೇ. ಅದಕ್ಕೆ ಮಾರುಕಟ್ಟೆ ಇಟ್ಟ ಹೆಸರು "ಲೇಜಿ ಲೈನ್". ಸೋಮಾರಿ ಗೆರೆ! ತಿಂಗಳುಗಟ್ಟಲೆ ನೆಲದ ಮೇಲೆ ಕೂತು ನೇಯ್ದವಳು ಸೋಮಾರಿ. ಏಸಿ ರೂಮಲ್ಲಿ ಕೈ ಎತ್ತಿ 77 ಸೆಕೆಂಡಲ್ಲಿ ಕೊಂಡವನು ರಸಿಕ.

3/10

ಈಗ ಬಣ್ಣಕ್ಕೆ ಬರೋಣ. ಇದು ನನಗೆ ತುಂಬಾ ಇಷ್ಟವಾದ ಭಾಗ.

ಅತಿ ಹಳೇ, ಅತಿ ದುಬಾರಿ ಮಾದರಿಗೆ "ಫಸ್ಟ್ ಫೇಸ್" ಅಂತಾರೆ. ಸುಮಾರು 1800ರಿಂದ 1850ರ ಒಳಗಿನದು. ಡಿಸೈನ್ ಏನು ಗೊತ್ತಾ? ಅಡ್ಡ ಪಟ್ಟೆ. ಬಿಳಿ, ಕಂದು, ನೀಲಿ. ಅಷ್ಟೇ. ಬಿಳಿಯೂ ಕಂದೂ ಕುರಿಯ ಮೈಬಣ್ಣ, ಬಣ್ಣ ಹಾಕಿಯೇ ಇಲ್ಲ. ನೀಲಿ ಇಂಡಿಗೋ. ಅದೂ ಆ ನೆಲದ ಗಿಡ ಅಲ್ಲ, ದಕ್ಷಿಣದ ಮೆಕ್ಸಿಕೋ ಕಡೆಯಿಂದ ವ್ಯಾಪಾರದಲ್ಲಿ ಗಟ್ಟಿಯಾಗಿ ಬರ್ತಿತ್ತು. ಅದನ್ನ ಮೂತ್ರದಲ್ಲಿ ಹುದುಗಿಸಿ ಉಣ್ಣೆ ಅದ್ದುತಿದ್ರು. ಹೌದು, ಮೂತ್ರದಲ್ಲೇ. ಅದು ಪಕ್ಕಾ ಕೆಮಿಸ್ಟ್ರಿ, ಮೂಗು ಮುರೀಬೇಡಿ.

ಮತ್ತೆ ಕೆಂಪು? ಅಲ್ಲಿನ ಗಿಡಗಳಿಂದ ಕಡು ಕೆಂಪು ಗಟ್ಟಿಯಾಗಿ ಬರ್ತಿರಲಿಲ್ಲ. ಅದಕ್ಕೆ ಆ ಹೆಂಗಸರು ಏನ್ ಮಾಡಿದ್ರು? ಯುರೋಪಿನಿಂದ ಬರ್ತಿದ್ದ ಬಯೇಟ ಅನ್ನೋ ಕೆಂಪು ಉಣ್ಣೆ ಬಟ್ಟೆ ಕೊಂಡ್ರು. ಅದನ್ನ ಎಳೆ ಎಳೆಯಾಗಿ ಬಿಚ್ಚಿದ್ರು. ಬಿಚ್ಚಿದ ನೂಲನ್ನ ತಮ್ಮ ಕಂಬಳಿಗೆ ನೇಯ್ದ್ರು. ಒಬ್ಬರ ಸಿದ್ಧ ಬಟ್ಟೆ ಇವಳಿಗೆ ಕಚ್ಚಾ ಮಾಲು!

ಆ ಬಯೇಟಕ್ಕೆ ಹಾಕಿದ್ದ ಕೆಂಪು ಎರಡು ಹುಳದಿಂದ ಬರುತ್ತೆ. ಒಂದು ಕಾಚಿನೀಲ್, ಮೆಕ್ಸಿಕೋದ ಪಾಪಾಸುಕಳ್ಳಿ ಮೇಲೆ ಬದುಕೋ ಹುಳ. ಇನ್ನೊಂದು ಅರಗಿನ ಹುಳ. ಅರಗು! ಪಾಂಡವರ ಅರಗಿನ ಮನೆ ಕಥೆಯ ಅರಗು, ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡೋ ಅರಗು. ಅದರಿಂದ ತೆಗೆದ ಕೆಂಪು 19ನೇ ಶತಮಾನದ ಮೊದಲರ್ಧದಲ್ಲಿ ಕಲ್ಕತ್ತಾದಿಂದ ಇಂಗ್ಲೆಂಡಿಗೆ ಹಡಗಲ್ಲಿ ಹೋಗ್ತಿತ್ತು. ಹಳೇ ನವಾಹೊ ಕಂಬಳಿಗಳ ಕೆಂಪು ನೂಲನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿದಾಗ ಈ ಅರಗು ಸಿಕ್ಕಿದೆ. ಸ್ಥೂಲವಾಗಿ ಹೇಳೋದಾದ್ರೆ, ಅರಗು ಇದ್ರೆ ಕಂಬಳಿ ಹಳೇದು, ಬರೀ ಕಾಚಿನೀಲ್ ಇದ್ರೆ 1860ರ ಆಚೀಚಿನದು. ಜೋ ಬೆನ್ ವೀಟ್ ಅನ್ನೋ ಮಾನವಶಾಸ್ತ್ರಜ್ಞ ಈ ತರದ ಲೆಕ್ಕಕ್ಕೇ ಬದುಕಿನ ಎಷ್ಟೋ ವರ್ಷ ಕೊಟ್ಟ.

ಏಷ್ಯಾದ ಮರದ ಹುಳ, ಯುರೋಪಿನ ಗಿರಣಿ, ಮೆಕ್ಸಿಕೋದ ವ್ಯಾಪಾರಿ, ಡಿನೇ ಹೆಂಗಸಿನ ಬೆರಳು. ಇಷ್ಟೂ ಸೇರಿ ಒಂದು ಕೆಂಪು ಗೆರೆ.

4/10

ಈಗ ಜಗಳ ಶುರು.

"ನ್ಯಾಚುರಲ್ ಡೈ" ಅಂದ ತಕ್ಷಣ ನಿಮ್ಮ ತಲೆಗೆ ಏನು ಬರುತ್ತೆ? ಒಬ್ಬ ಅಜ್ಜಿ ಬೆಟ್ಟ ಹತ್ತಿ ಸೊಪ್ಪು ಕಿತ್ತು, ಮಡಕೆಯಲ್ಲಿ ಕುದಿಸಿ, ಯಾರ ಸೋಂಕೂ ಇಲ್ಲದ ಶುದ್ಧ ಬಣ್ಣ ತೆಗೀತಾಳೆ. ಸಾವಿರ ವರ್ಷದ ಪರಂಪರೆ. ಹಿನ್ನೆಲೆಯಲ್ಲಿ ಕೊಳಲು.

3ನೇ ಭಾಗ ಓದಿದ್ರಲ್ಲ, ಅದರಲ್ಲಿ ಆ ಚಿತ್ರ ಎಲ್ಲಿದೆ? ಕೋಟಿ ಬೆಲೆಯ ಕಂಬಳಿಗಳ ಹೆಸರಾದ ಬಣ್ಣಗಳು ಹೊರಗಿಂದ ಕೊಂಡು ತಂದವು. ಆ ಹೆಂಗಸರು ಜಗತ್ತಿನ ಮಾರುಕಟ್ಟೆ ನೋಡಿ, ಸಿಗೋದರಲ್ಲಿ ಒಳ್ಳೇದನ್ನ ಆರಿಸಿಕೊಂಡ ಜಾಣೆಯರು. ಅಲ್ಲಿನ ಗಿಡಗಳಿಂದ ಹಳದಿಯಂಥ ಬಣ್ಣ ತೆಗೀತಿದ್ರು, ನಿಜ. ಆದ್ರೆ ಇವತ್ತು ಅಂಗಡಿಯಲ್ಲಿ "ಸಾಂಪ್ರದಾಯಿಕ ಸಸ್ಯ ಬಣ್ಣ" ಅಂತ ತೋರಿಸೋ ತಿಳಿಹಳದಿ, ತಿಳಿಗಂದು, ತಿಳಿಗುಲಾಬಿ ಕಂಬಳಿಗಳ ಸಾಲು ಬೆಳೆದಿದ್ದು 1920-30ರ ದಶಕದಲ್ಲಿ. ಚಿನ್‌ಲೀ, ವೈಡ್ ರೂಯಿನ್ಸ್ ಕಡೆ, ಹೊರಗಿನ ಕೊಳ್ಳುಗರ ರುಚಿ ನೋಡಿಕೊಂಡು. ನೊನಾಬಾ ಬ್ರಯನ್ ಅನ್ನೋ ಡಿನೇ ನೇಕಾರ್ತಿಯ ಬಣ್ಣದ ಪಾಕಗಳು ಪುಸ್ತಕವಾಗಿದ್ದು 1940ರಲ್ಲಿ.

ಅದು ಸುಳ್ಳು ಕಲೆ ಅಂತ ನಾನು ಹೇಳ್ತಿಲ್ಲ. ಅಪ್ಪಟ ಕಲೆ. ಹೊಸದು, ಅಷ್ಟೇ. ಹೊಸದಾಗಿರೋದು ತಪ್ಪಾ?

ಇನ್ನೊಂದು ಕಡೆ "ಗನಾಡೊ ರೆಡ್". ನವಾಹೊ ರಗ್ ಅಂದ ತಕ್ಷಣ ಜನ ನೆನೆಸಿಕೊಳ್ಳೋ ಕಡುಗೆಂಪು. ಅದು ರಾಸಾಯನಿಕ ಬಣ್ಣ. 1856ರಲ್ಲಿ ಲಂಡನ್ನಿನ ಹುಡುಗ ಪರ್ಕಿನ್ ಮೊದಲ ಅನಿಲೀನ್ ಬಣ್ಣ ಕಂಡುಹಿಡಿದ. ಕೆಲವೇ ದಶಕದಲ್ಲಿ ಪೊಟ್ಟಣದ ಬಣ್ಣ ನವಾಹೊ ನೆಲ ತಲುಪಿತು. ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್ ಗಿರಣಿಯ ಬಣ್ಣದ ನೂಲೂ ಬಂತು. ಅದನ್ನ ಹಿಡ್ಕೊಂಡು ಅವರು ನೇಯ್ದದ್ದನ್ನ "ಐ ಡ್ಯಾಜ್ಲರ್" ಅಂತಾರೆ. ಕಣ್ಣು ಕೋರೈಸೋ ಕಂಬಳಿ. ಕೇಸರಿ, ನೇರಳೆ, ಹಸಿರು, ಕೆಂಪು ಒಂದರ ಮೇಲೊಂದು ಹಾರಿ ಬೀಳುತ್ವೆ. ಶುದ್ಧಿ ಹುಡುಕೋರು ಒಂದು ಕಾಲದಲ್ಲಿ ಇದನ್ನ ನೋಡಿ "ಕೆಟ್ಟೋಯ್ತು ಪರಂಪರೆ" ಅಂದ್ರು. ಅದೇ ಕಂಬಳಿಗಳು ಈಗ ಅವರದೇ ಗೋಡೆ ಮೇಲಿವೆ.

ಶುದ್ಧಿಯ ಗೆರೆ ಎಳೆಯೋದು ಯಾವಾಗಲೂ ಕೊಳ್ಳೋನೇ. ನೇಯೋಳು ಹೊಸ ಬಣ್ಣ ಕಂಡ್ರೆ ಖುಷಿಯಿಂದ ಕೈ ಹಾಕ್ತಾಳೆ.

5/10

ಇದು ಕಷ್ಟದ ಭಾಗ. ಆದ್ರೆ ಇದಿಲ್ಲದೆ ಬೆಲೆ ಅರ್ಥ ಆಗಲ್ಲ.

ಮಾರುಕಟ್ಟೆಯಲ್ಲಿ 1860ರ ದಶಕ ಒಂದು ಗಡಿ. ಅದಕ್ಕೆ ಮೊದಲಿನದು ಅಪರೂಪ, ಆಮೇಲಿನದು ಅಷ್ಟಕ್ಕಷ್ಟೆ. ಯಾಕೆ? ಆ ದಶಕದಲ್ಲಿ ಏನಾಯ್ತು?

1863ರಲ್ಲಿ ಅಮೆರಿಕದ ಸೈನ್ಯ ಕಿಟ್ ಕಾರ್ಸನ್ ಮುಂದಾಳತ್ವದಲ್ಲಿ ನವಾಹೊ ನೆಲಕ್ಕೆ ನುಗ್ಗಿತು. ಜೋಳದ ಹೊಲ ಸುಟ್ಟರು. ಕುರಿ ಕೊಂದರು, ಹೊಡ್ಕೊಂಡು ಹೋದರು. ಕ್ಯಾನ್ಯನ್ ಡಿ ಶೇ ಕಣಿವೆಯಲ್ಲಿ ತಲೆಮಾರುಗಳಿಂದ ಬೆಳೆಸಿದ್ದ ಪೀಚ್ ತೋಪುಗಳನ್ನ ಕಡಿದು ಹಾಕಿದರು. ಹಸಿವಿಗೆ ಸೋತ ಜನರನ್ನ 1864ರಿಂದ ತಂಡ ತಂಡವಾಗಿ ಸುಮಾರು 500 ಕಿಲೋಮೀಟರ್ ನಡೆಸಿಕೊಂಡು ನ್ಯೂ ಮೆಕ್ಸಿಕೋದ ಬೋಸ್ಕೆ ರೆಡೊಂಡೊ ಅನ್ನೋ ಜಾಗಕ್ಕೆ ತಂದರು. ದೊಡ್ಡ ನಡಿಗೆ, ಲಾಂಗ್ ವಾಕ್ ಅಂತ ಇದಕ್ಕೆ ಹೆಸರು. 8,000ಕ್ಕೂ ಹೆಚ್ಚು ಜನ ಅಲ್ಲಿ ಬಂಧಿಗಳು. ಉಪ್ಪು ನೀರು, ಕೆಟ್ಟ ಹಿಟ್ಟು, ರೋಗ. ದಾರಿಯಲ್ಲೂ ಅಲ್ಲೂ ಸೇರಿ ಸತ್ತವರು 2,000ಕ್ಕೂ ಹೆಚ್ಚು ಅಂತ ಅಂದಾಜು.

1868ರ ಜೂನ್ 1ರಂದು ಒಪ್ಪಂದ ಆಯ್ತು. ಬಾರ್ಬೊನ್ಸಿಟೊ, ಮನುಯೆಲಿಟೊ ಮುಂತಾದ ನಾಯಕರು ತಮ್ಮದೇ ನೆಲಕ್ಕೆ ವಾಪಸ್ ಹೋಗೋ ಹಕ್ಕು ಗೆದ್ದರು. ಬೇರೆ ಬುಡಕಟ್ಟುಗಳ ಇತಿಹಾಸದಲ್ಲಿ ಇದು ಬಹಳ ಅಪರೂಪ. ಸರ್ಕಾರ 15,000 ಕುರಿ-ಮೇಕೆ ಕೊಡೋಕೆ ಒಪ್ಪಿತು. ಸಾವಿರಾರು ಜನಕ್ಕೆ ಅಷ್ಟು. ತಲೆಗೆ ಎರಡೂ ಬರಲ್ಲ. ಅದರಿಂದಲೇ ಅವರು ಮತ್ತೆ ಮಂದೆ ಕಟ್ಟಿದರು.

ಈಗ ಹರಾಜಿನ ಭಾಷೆ ಕೇಳಿ: "ಈ ಕಾಲದ ಕಂಬಳಿಗಳು ಬಹಳ ವಿರಳ." ಸಪ್ಲೈ ಕಮ್ಮಿ ಆದ್ರೆ ಬೆಲೆ ಏರುತ್ತೆ, ನಾವೆಲ್ಲ ಓದಿದೀವಿ. ಕರ್ವ್ ಬರೆದು ಮಾರ್ಕ್ಸ್ ತಗೊಂಡಿದೀವಿ. ಆದ್ರೆ ಈ ಸಪ್ಲೈ ಯಾಕೆ ನಿಂತುಹೋಯ್ತು? ಕುರಿಯನ್ನ ಕೊಂದಿದ್ದಕ್ಕೆ, ನೇಯೋಳನ್ನ ಬಂಧಿಯಾಗಿಟ್ಟಿದ್ದಕ್ಕೆ. ಆ ವಿರಳತೆ ತಾನಾಗಿ ಬಂದಿಲ್ಲ, ಸೈನ್ಯ ತಂದಿದ್ದು. ಅದನ್ನ ಬೆಲೆಪಟ್ಟಿಯಲ್ಲಿ ಯಾರೂ ಬರೆಯಲ್ಲ.

6/10

ವಾಪಸ್ ಬಂದ ಮೇಲೆ? ಇಲ್ಲಿ ನಮ್ಮ ಸಬ್ಜೆಕ್ಟ್ ಬರುತ್ತೆ: ಅಕೌಂಟ್ಸ್.

1840ರಲ್ಲಿ ಡಿನೇ ಹೆಂಗಸು ಪ್ರೈಸ್ ಮೇಕರ್. ಅವಳ ಕಂಬಳಿಗೆ ಪ್ಲೇನ್ಸ್ ಜನ ಕುದುರೆ, ಕಾಡೆಮ್ಮೆ ಚರ್ಮ ಕೊಟ್ಟು ಕೊಳ್ತಿದ್ರು. ಅವಳು ಹೇಳಿದ ಬೆಲೆ ನಡೀತಿತ್ತು. 1890ರ ಹೊತ್ತಿಗೆ ಅವಳು ಪ್ರೈಸ್ ಟೇಕರ್. ಕೈಚಳಕ ಕಮ್ಮಿ ಆಗಿರಲಿಲ್ಲ. ಬೆಲೆ ಹೇಳೋ ಶಕ್ತಿ ಕೈತಪ್ಪಿತ್ತು.

ಹೇಗೆ? ಟ್ರೇಡಿಂಗ್ ಪೋಸ್ಟ್. ಹಿಟ್ಟು, ಕಾಫಿ, ಸಕ್ಕರೆ ಮಾರೋನೂ ಅವನೇ, ಉಣ್ಣೆ, ಕಂಬಳಿ ಕೊಳ್ಳೋನೂ ಅವನೇ. ಸಾಲದ ಪುಸ್ತಕ ಅವನ ಕೈಯಲ್ಲಿ. ಅಂಗಡಿಯಿಂದ ಅಂಗಡಿಗೆ ಮೈಲುಗಟ್ಟಲೆ ದೂರ. ಕಂಬಳಿಯನ್ನ ತಕ್ಕಡಿಗೆ ಹಾಕಿ ತೂಕದ ಲೆಕ್ಕದಲ್ಲಿ ಕೊಳ್ತಿದ್ರು. "ಪೌಂಡ್ ಬ್ಲಾಂಕೆಟ್" ಅಂತಲೇ ಹೆಸರು. ಚಂದಕ್ಕೆ ಬೆಲೆ ಇಲ್ಲ, ತೂಕಕ್ಕೆ ಬೆಲೆ. ಆಮೇಲೆ ಅದೇ ಕೊಳ್ಳುಗರು ದೂರು ಹೇಳಿದ್ರು: ನೂಲು ದಪ್ಪ, ಉಣ್ಣೆ ಸರಿಯಾಗಿ ತೊಳೆದಿಲ್ಲ, ಮರಳಿದೆ. ಕೆಜಿ ಲೆಕ್ಕದಲ್ಲಿ ಅಸೈನ್‌ಮೆಂಟ್ ತಗೊಂಡ್ರೆ ನೀವು ತೆಳ್ಳಗೆ ಬರೀತೀರಾ?

1880ರ ದಶಕದಲ್ಲಿ ರೈಲು ಬಂತು, ಪ್ರವಾಸಿಗಳು ಬಂದ್ರು. ಅವರಿಗೆ ಹೊದಿಕೆ ಬೇಡ, ನೆಲಹಾಸು ಬೇಕು. ಕಂಬಳಿ ರಗ್ ಆಯ್ತು. ಅತ್ತ ಡಿನೇ ಜನರೇ ಗಿರಣಿಯಲ್ಲಿ ಆದ ಪೆಂಡಲ್ಟನ್ ಕಂಬಳಿ ಹೊದೆಯೋಕೆ ಶುರು ಮಾಡಿದ್ರು. ತಮ್ಮ ಕೈಯದ್ದು ತಮಗೇ ದುಬಾರಿ.

ಗನಾಡೊದ ಹಬೆಲ್, ಕ್ರಿಸ್ಟಲ್‌ನ ಮೂರ್ ಥರದ ವ್ಯಾಪಾರಿಗಳು ಹೆಸರಾದ್ರು. ಮೂರ್ 1903ರಲ್ಲೂ 1911ರಲ್ಲೂ ಅಂಚೆ ಮೂಲಕ ಮಾರೋಕೆ ಕ್ಯಾಟಲಾಗ್ ಅಚ್ಚು ಹಾಕಿಸಿದ. ಇವತ್ತಿಗೂ ವಿನ್ಯಾಸಗಳಿಗೆ ಗನಾಡೊ, ಕ್ರಿಸ್ಟಲ್ ಅಂತ ಅಂಗಡಿ ಇದ್ದ ಊರಿನ ಹೆಸರೇ.

ಕ್ಯಾಥಿ ಮೆಕ್ಲಾಸ್ಕಿ ಅನ್ನೋ ವಿದ್ವಾಂಸೆ ಹಬೆಲ್ ಅಂಗಡಿಯ ಲೆಕ್ಕಪುಸ್ತಕಗಳನ್ನೇ ಕೂತು ಓದಿ 2002ರಲ್ಲಿ ಒಂದು ಪುಸ್ತಕ ಬರೆದ್ರು. ಅವರ ವಾದ: ವ್ಯಾಪಾರಿ ಉಳಿದಿದ್ದು ನೇಕಾರ್ತಿಯರ ದುಡಿಮೆ ಮೇಲೆ, ಆದ್ರೆ ಆ ದುಡಿಮೆಗೆ ಸಿಕ್ಕಿದ್ದು ದಿನಸಿ. ಲೆಡ್ಜರ್ ಸುಳ್ಳು ಹೇಳಲ್ಲ ಕಣ್ರೋ. ಯಾರೂ ಓದಲ್ಲ, ಅಷ್ಟೇ. "ಬಿಕಾಂ ಮಾಡಿ ಏನ್ ಕಿತ್ತಾಕ್ತೀಯಾ" ಅನ್ನೋರಿಗೆ ಈ ಪುಸ್ತಕ ತೋರಿಸಿ.

7/10

1930ರ ದಶಕ. ಎರಡು ಸಂಗತಿ ಒಟ್ಟಿಗೆ ನಡೆದ್ವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಒಂದು: ಮಣ್ಣು ಕೊಚ್ಚಿಹೋಗ್ತಿದೆ, ಕೊಲರಾಡೊ ನದಿಯ ದೊಡ್ಡ ಅಣೆಕಟ್ಟಿಗೆ ಹೂಳು ತುಂಬುತ್ತೆ, ಅದಕ್ಕೆ ಕುರಿ ಕಮ್ಮಿ ಮಾಡ್ಬೇಕು ಅಂತ ಸರ್ಕಾರ ತೀರ್ಮಾನಿಸಿತು. ಇಂಡಿಯನ್ ವ್ಯವಹಾರಗಳ ಕಮಿಷನರ್ ಜಾನ್ ಕಾಲಿಯರ್ ಕಾಲದಲ್ಲಿ ಲಕ್ಷಗಟ್ಟಲೆ ಕುರಿ, ಮೇಕೆ ಕಮ್ಮಿ ಮಾಡಿಸಿದರು. ಕೆಲವನ್ನ ಅಗ್ಗಕ್ಕೆ ಕೊಂಡರು, ಎಷ್ಟನ್ನೋ ಗುಂಡು ಹೊಡೆದು ಅಲ್ಲೇ ಬಿಟ್ಟರು. ಮಂದೆ ಹೆಂಗಸರದ್ದು. ಅವರನ್ನ ಯಾರೂ ಕೇಳಲಿಲ್ಲ. ಚುರ್ರೊ ತಳಿ ಅಳಿವಿನ ಅಂಚಿಗೆ ಬಂತು. 1970ರ ದಶಕದ ಕೊನೆಗೆ ಲೈಲ್ ಮೆಕ್‌ನೀಲ್ ಅನ್ನೋ ಪ್ರಾಧ್ಯಾಪಕ ಉಳಿದವನ್ನ ಹುಡುಕಿ ತಳಿ ಉಳಿಸೋ ಕೆಲಸ ಶುರು ಮಾಡ್ಬೇಕಾಯ್ತು.

ಎರಡು: ಅದೇ ದಶಕದಲ್ಲಿ ಹೊರಗಿನ ಕಲಾಪ್ರೇಮಿಗಳು "ಹಳೇ ಮಾದರಿಗೆ ಮರಳಿ, ಗಿಡದ ಬಣ್ಣ ಹಾಕಿ" ಅಂತ ನೇಕಾರ್ತಿಯರಿಗೆ ಉತ್ತೇಜನ ಕೊಡ್ತಿದ್ರು. 4ನೇ ಭಾಗದಲ್ಲಿ ಹೇಳಿದ್ನಲ್ಲ, ಅದೇ.

ಆ ಕಲಾಪ್ರೇಮಿಗಳಲ್ಲಿ ಒಳ್ಳೆಯವರಿದ್ರು, ಒಪ್ತೀನಿ. ಆದ್ರೂ ನೋಡಿ: ಅವಳ ಮಂದೆಗೆ ಗುಂಡು ಬೀಳೋ ಕಾಲದಲ್ಲಿ ಲೋಕಕ್ಕೆ ಅವಳಿಂದ ಬೇಕಾಗಿದ್ದು ಮೆದು ಹಳದಿ, ಮೆದು ಕಂದು. ಡ್ರಾಯಿಂಗ್ ರೂಮಿಗೆ ಹೊಂದೋ ಬಣ್ಣ.

ಮುಂದೆ 1972ರಲ್ಲಿ ಲಾಸ್ ಏಂಜಲೀಸ್ ಕೌಂಟಿ ಕಲಾ ಮ್ಯೂಸಿಯಮಲ್ಲಿ ದೊಡ್ಡ ಪ್ರದರ್ಶನ ಆಯ್ತು. ಕಂಬಳಿಗಳನ್ನ ಮಾಡರ್ನ್ ಪೇಂಟಿಂಗ್ ಥರ ಗೋಡೆಗೆ ಹಾಕಿದ್ರು. ಕಲೆಹಾಕಿದವರಲ್ಲಿ ಹೆಸರಾಂತ ಚಿತ್ರಕಾರರೇ ಇದ್ರು. ಆ ಕಾಲದಿಂದ ಇವಕ್ಕೆ ಕಲೆಯ ಪಟ್ಟ ಸಿಕ್ತು, ಬೆಲೆಯೂ ಜಿಗೀತು. ಒಳ್ಳೇದೇ. ಆದ್ರೆ ಗೋಡೆ ಮೇಲಿನ ಪೇಂಟಿಂಗಿಗೆ ಸಹಿ ಇರುತ್ತೆ. ಕಂಬಳಿಗೆ "ನವಾಹೊ". ಒಂದು ಇಡೀ ಜನಾಂಗ ಸೇರಿ ಒಂದು ಕಂಬಳಿ ನೇಯ್ದ ಹಾಗೆ.

8/10

ಡಿಎಂಗೆ ಬಂದ ಎರಡು ವಾದಕ್ಕೆ ಉತ್ತರ. ಎರಡೂ ಗಟ್ಟಿ ವಾದಗಳೇ, ಅದಕ್ಕೇ ತಗೊಂಡೆ.

ವಾದ 1: "ಕಲೆಹಾಕೋರು ಇಲ್ಲದಿದ್ರೆ ಇವನ್ನೆಲ್ಲ ನುಸಿ ತಿಂದಿರ್ತಿತ್ತು."

ನಿಜ. ಉಣ್ಣೆಗೆ ನುಸಿ, ಬಿಸಿಲು, ನೀರು ಎಲ್ಲವೂ ಶತ್ರು. ಪತ್ರಿಕಾ ಧಣಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಕಲೆಹಾಕಿದ್ದ ಕಂಬಳಿಗಳು ಇವತ್ತು ಲಾಸ್ ಏಂಜಲೀಸಿನ ಮ್ಯೂಸಿಯಮಲ್ಲಿ ಉಳಿದಿವೆ. ಇಂದಿನ ಡಿನೇ ನೇಕಾರ್ತಿಯರೇ ಮ್ಯೂಸಿಯಂಗಳಿಗೆ ಹೋಗಿ ಹಳೇ ಕಂಬಳಿ ನೋಡಿ ಕಲೀತಾರೆ. ಕಾಪಾಡಿದ್ದಕ್ಕೆ ಥ್ಯಾಂಕ್ಸ್. ಆದ್ರೆ ಕಾಪಾಡಿದವನು ಮಾಲೀಕ ಆಗಬಹುದು, ಕರ್ತೃ ಆಗಲ್ಲ. ಖಾಸಗಿ ಲಾಕರಿನೊಳಗೆ ಇರೋ ಕಂಬಳಿಯನ್ನ ಅವಳ ಮೊಮ್ಮಗಳು ನೋಡೋಕೆ ಯಾರ ಹತ್ತಿರ ಅಪ್ಪಣೆ ಕೇಳ್ಬೇಕು?

ವಾದ 2: "ಅವರೇ ಮಾರಿದ್ರು. ಬಿಸಿನೆಸ್ ಅಂದ್ರೆ ಬಿಸಿನೆಸ್. ಇದರಲ್ಲಿ ಅನ್ಯಾಯ ಏನು?"

ಎಷ್ಟೋ ಕಂಬಳಿ ಅವರೇ ಮಾರಿದ್ದು, ಒಪ್ಪಿದೆ. 1840ರ ವ್ಯಾಪಾರ ಸಮಬಲದ ವ್ಯಾಪಾರ. ಅದಕ್ಕೇ ಅವರನ್ನ ಪಾಪದವರು ಅಂತ ನಾನು ಎಲ್ಲೂ ಬರೆದಿಲ್ಲ. ಆದ್ರೆ ಎಲ್ಲವೂ ಮಾರಿದ್ದಲ್ಲ.

1805ರಲ್ಲಿ ಸ್ಪೇನಿನ ಸೈನ್ಯ ಕ್ಯಾನ್ಯನ್ ಡೆಲ್ ಮುಯೆರ್ತೊ ಕಣಿವೆಯ ಗುಹೆಯೊಂದರಲ್ಲಿ ಅಡಗಿದ್ದ ನವಾಹೊಗಳ ಮೇಲೆ ಗುಂಡು ಹಾರಿಸಿತು. ನೂರಕ್ಕೂ ಹೆಚ್ಚು ಜನ ಸತ್ತರು. ಈಗಲೂ ಅದಕ್ಕೆ ಮ್ಯಾಸಕರ್ ಕೇವ್ ಅಂತಲೇ ಹೆಸರು. ಸುಮಾರು ನೂರು ವರ್ಷ ಆದ್ಮೇಲೆ ಆ ಗುಹೆಯಿಂದ ಬಟ್ಟೆಯ ಚೂರುಗಳನ್ನ ತಂದು ಮ್ಯೂಸಿಯಂಗಳಿಗೆ ಕೊಟ್ರು. ಕಾಲ ಇಂಥದ್ದೇ ಅಂತ ಗಟ್ಟಿಯಾಗಿ ಹೇಳಬಹುದಾದ ಅತಿ ಹಳೇ ನವಾಹೊ ನೇಯ್ಗೆಗಳಲ್ಲಿ ಅವೂ ಸೇರಿವೆ. ಯಾಕೆ ಅಷ್ಟು ಗಟ್ಟಿ? ಸತ್ತ ವರ್ಷ ಗೊತ್ತಲ್ಲ, ಅದಕ್ಕೆ.

ಇನ್ನೊಂದು, ಸಾಂಟಾ ಫೆಯಲ್ಲಿರೋ "ವೈಟ್ ಆಂಟಿಲೋಪ್ ಕಂಬಳಿ". ವೈಟ್ ಆಂಟಿಲೋಪ್ ಶಯೆನ್ ನಾಯಕ. 1864ರ ಸ್ಯಾಂಡ್ ಕ್ರೀಕ್ ಹತ್ಯಾಕಾಂಡದಲ್ಲಿ ಸೈನಿಕರು ಅವನನ್ನ ಕೊಂದರು. ಅವನ ಮೈಮೇಲಿಂದ ತೆಗೆದದ್ದು ಅಂತ ಆ ಕಂಬಳಿಯ ಜೊತೆ ಬಂದಿರೋ ಕಥೆ. ನೇಯ್ದವಳ ಹೆಸರಿಲ್ಲ, ಸತ್ತವನ ಹೆಸರೇ ಹೆಸರು.

ಇದಕ್ಕೂ "ಬಿಸಿನೆಸ್ ಅಂದ್ರೆ ಬಿಸಿನೆಸ್" ಅಂತೀರಾ?

9/10

"ಸರಿ, ಹಳೇದಾಯ್ತು. ಈಗಿನವರಿಗೆ ಏನು ತೊಂದರೆ?" ಇದೆ. ಮೂರು ಕಡೆಯಿಂದ.

ಮೊದಲನೇದು ಆಂಟಿಕ್ ಮೋಹ. ದುಡ್ಡಿದ್ದವನು 150 ವರ್ಷ ಹಳೇದಕ್ಕೆ ಮುಗಿಬಿದ್ರೆ, ಇವತ್ತು ಮಗ್ಗದಿಂದ ಇಳಿದ ರಗ್ ಜೊತೆ ಅದೇ ಸ್ಪರ್ಧೆ ಮಾಡುತ್ತೆ. ಸತ್ತವಳ ಕಂಬಳಿ ಬದುಕಿರೋಳ ಕಂಬಳಿಯ ಗಿರಾಕಿಯನ್ನ ಕಿತ್ಕೊಳ್ಳುತ್ತೆ. ಇದೂ ಮೆಕ್ಲಾಸ್ಕಿ ಎತ್ತಿದ ಮಾತೇ.

ಎರಡನೇದು ನಕಲು. ಮೆಕ್ಸಿಕೋದಲ್ಲಿ ನೇಯ್ತಾರೆ, ನಮ್ಮ ಭಾರತದಲ್ಲೂ ನೇಯ್ತಾರೆ. ನಮ್ಮ ನೇಕಾರರ ಕೂಲಿಯೂ ಅಷ್ಟಕ್ಕಷ್ಟೆ, ಅವರ ಮೇಲೆ ನನ್ನ ಜಗಳ ಇಲ್ಲ. ನಡುವೆ ಕೂತು ಚೀಟಿ ಬದಲಾಯಿಸೋನ ಮೇಲೆ ಜಗಳ. ಅಮೆರಿಕದಲ್ಲಿ 1990ರ ಕಾನೂನಿನ ಪ್ರಕಾರ, ಮೂಲನಿವಾಸಿಗಳು ಮಾಡದ ವಸ್ತುವನ್ನ ಅವರೇ ಮಾಡಿದ್ದು ಅಂತ ಮಾರೋದು ಅಪರಾಧ. "ನವಾಹೊ ಶೈಲಿ" ಅಂತ ಒಂದು ಪದ ಸೇರಿಸಿ ನುಣುಚಿಕೊಳ್ಳೋದು ಮಾರುಕಟ್ಟೆಗೆ ಗೊತ್ತಿದೆ. ಅರ್ಬನ್ ಔಟ್‌ಫಿಟರ್ಸ್ ಕಂಪನಿ ಒಳಉಡುಪಿಗೂ "ನವಾಹೊ" ಅಂತ ಹೆಸರಿಟ್ಟು ಮಾರಿದಾಗ ನವಾಹೊ ನೇಶನ್ 2012ರಲ್ಲಿ ಕೋರ್ಟಿಗೆ ಹೋಯ್ತು. 2016ರಲ್ಲಿ ರಾಜಿ ಆಯ್ತು. ನಿಮ್ಮ ಬೆಡ್‌ಶೀಟಲ್ಲಿ, ಟೀ ಶರ್ಟಲ್ಲಿ ಮೆಟ್ಟಿಲು ಮೆಟ್ಟಿಲಾದ ವಜ್ರದ ಆಕಾರ, ಮೇಲೆ "ಟ್ರೈಬಲ್ ಪ್ರಿಂಟ್" ಚೀಟಿ ಇದ್ಯಾ ನೋಡಿ. ಯಾವ ಟ್ರೈಬು ಅಂತ ಚೀಟಿ ಹೇಳುತ್ತಾ?

ಮೂರನೇದು ಕಾನೂನಿನ ತೂತು. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ 53ಎ ಅಂತ ಸೆಕ್ಷನ್ ಇದೆ. ಪೇಂಟಿಂಗ್, ಶಿಲ್ಪ, ರೇಖಾಚಿತ್ರದ ಮೂಲಪ್ರತಿ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟ ಆದ್ರೆ ಕಲಾವಿದರಿಗೆ ಗರಿಷ್ಠ 10% ವರೆಗೆ ಪಾಲಿನ ಹಕ್ಕು. ಆ ಪಟ್ಟಿಯಲ್ಲಿ ನೇಯ್ಗೆ ಇಲ್ಲ. ಯುರೋಪ್ ಒಕ್ಕೂಟದ 2001ರ ನಿರ್ದೇಶನದಲ್ಲಿ ಟ್ಯಾಪಿಸ್ಟ್ರಿ ಅಂತ ಹೆಸರಿಸಿಯೇ ಸೇರಿಸಿದ್ದಾರೆ. ಅಮೆರಿಕದ ಒಕ್ಕೂಟ ಕಾನೂನಲ್ಲಿ ಇಂಥ ಹಕ್ಕು ಚಿತ್ರಕಾರರಿಗೂ ಇಲ್ಲ. ಅಂದ್ರೆ ಇವತ್ತಿನ ಡಿನೇ ನೇಕಾರ್ತಿ ಮಾರಿದ ಕಂಬಳಿ ನಾಳೆ ಹತ್ತು ಪಟ್ಟಾದ್ರೂ ಅವಳಿಗೆ ಸೊನ್ನೆ. 15 ಲಕ್ಷ ಡಾಲರ್ ಲೆಕ್ಕದಲ್ಲಿ ಕಾಣೆಯಾದ ಎಂಟ್ರಿ ಇದೇ ಮಗಾ. ಅದು ಹಳೇ ತಪ್ಪು ಅಂತ ಕೂರಬೇಡಿ, ಇವತ್ತೂ ಬರೀತಾ ಇದೀವಿ.

10/10

"ನಾವು ತುಮಕೂರಲ್ಲಿ ಕೂತು ಏನ್ ಮಾಡೋಕಾಗುತ್ತೆ?" ಕೋಟಿ ಕಂಬಳಿ ಕೊಳ್ಳೋ ಯೋಗ್ಯತೆ ನಮ್ಮಲ್ಲಿ ಯಾರಿಗೂ ಇಲ್ಲ. ಆದ್ರೆ ಯಾವುದು ಅಸಲಿ, ಯಾವುದಕ್ಕೆ ಬೆಲೆ ಅಂತ ತೀರ್ಮಾನ ಮಾಡೋ ಗುಂಪಲ್ಲಿ ನಾವೂ ಇದೀವಿ. ಲೈಕ್ ಒತ್ತೋರು, ಶೇರ್ ಮಾಡೋರು ನಾವೇ.

ಒಂದು. ಆ ರೀಲ್ ಮತ್ತೆ ಬಂದ್ರೆ "ಲಕ್" ಅಂತ ಹಾಕಬೇಡಿ. "ನೇಯ್ದವಳು ಯಾರು?" ಅಂತ ಹಾಕಿ. ಉತ್ತರ ಬರಲ್ಲ, ಗೊತ್ತು. ಉತ್ತರ ಇಲ್ಲ ಅನ್ನೋದು ನಾಲ್ಕು ಜನಕ್ಕೆ ಕಾಣಲಿ.

ಎರಡು. ಯಂತ್ರದ ಪ್ರಿಂಟಿಗೆ ನವಾಹೊ ಅನ್ನಬೇಡಿ. ಅದು ಒಂದು ಜನರ ಹೆಸರು, ಡಿಸೈನ್ ಹೆಸರಲ್ಲ.

ಮೂರು. "ನ್ಯಾಚುರಲ್ ಡೈ" ಅನ್ನೋದನ್ನ ಒಂದೇ ಅಳತೆಗೋಲು ಮಾಡ್ಕೋಬೇಡಿ. ಗಿಡದ ಬಣ್ಣ ಚಂದ, ನನಗೂ ಇಷ್ಟ. ಆದ್ರೆ ಪೊಟ್ಟಣದ ಕೆಂಪು ಹಾಕಿದ ನೇಕಾರ್ತಿ ಕಡಿಮೆಯವಳು ಅಂತ ಹೇಳೋಕೆ ನಾವ್ಯಾರು?

ನಾಲ್ಕು. ಬದುಕಿರೋ ಹೆಸರುಗಳನ್ನ ಕಲೀರಿ. ಡಿ. ವೈ. ಬೆಗೇ ಅಂತ ಡಿನೇ ಕಲಾವಿದೆ ಇದ್ದಾರೆ. ತಮ್ಮ ನೆಲದ ಗಿಡಗಳಿಂದಲೂ ಬಣ್ಣ ತೆಗೆದು ಅಲ್ಲಿನ ಬೆಟ್ಟ, ಆಕಾಶ, ಬೆಳಕನ್ನೇ ನೇಯ್ತಾರೆ. 2024ರಲ್ಲಿ ವಾಷಿಂಗ್ಟನ್ನಿನ ಅಮೆರಿಕನ್ ಇಂಡಿಯನ್ ರಾಷ್ಟ್ರೀಯ ಮ್ಯೂಸಿಯಮಲ್ಲಿ ಅವರೊಬ್ಬರದ್ದೇ ದೊಡ್ಡ ಪ್ರದರ್ಶನ ಶುರುವಾಯ್ತು. ಗೋಡೆ ಮೇಲೆ ಅವರ ಹೆಸರಿತ್ತು! ಸರ್ಚ್ ಮಾಡಿ ನೋಡಿ. ಅದೇ ನಮ್ಮ ಫೀಡಿಗೂ ಬರಲಿ.

ಐದು. ಅಕ್ಕ-ಭಾವ ಫೀನಿಕ್ಸ್ ಕಡೆ ಇದ್ದಾರಾ? ಗ್ರ್ಯಾಂಡ್ ಕ್ಯಾನ್ಯನ್ ನೋಡೋಕೆ ಹೋಗೇ ಹೋಗ್ತಾರೆ. ದಾರಿಯ ಅಂಗಡಿಯಲ್ಲಿ ಅಗ್ಗದ ರಗ್ ಕೊಳ್ಳೋ ಮೊದಲು ಒಂದು ಮೆಸೇಜ್ ಹಾಕಿ. ನ್ಯೂ ಮೆಕ್ಸಿಕೋದ ಕ್ರೌನ್‌ಪಾಯಿಂಟಲ್ಲಿ 1960ರ ದಶಕದ ಕೊನೆಯಿಂದ ನೇಕಾರ್ತಿಯರೇ ತಮ್ಮ ರಗ್ ತಂದು ಮಾರೋ ಹರಾಜು ನಡ್ಕೊಂಡು ಬಂದಿದೆ. ಹೊಸದನ್ನ ಕೊಳ್ಳಲಿ. ನೇಯ್ದವರ ಹೆಸರು ಕೇಳಿ, ರಗ್ಗಿನ ಹಿಂದೆ ಒಂದು ಚೀಟಿಯಲ್ಲಿ ಬರೆದು ಹೊಲಿಸಿಟ್ಕೊಳ್ಳಲಿ. ಚೌಕಾಸಿ ಮಾಡೋದು ಬೇಡ ಅಂತ ಭಾವನಿಗೆ ಒತ್ತಿ ಹೇಳಿ.

ಇನ್ನು 150 ವರ್ಷ ಆದ್ಮೇಲೆ ಇವತ್ತಿನ ಕಂಬಳಿಗಳೂ ಆಂಟಿಕ್ ಆಗ್ತವೆ. ಆಗಲಾದ್ರೂ ಹರಾಜಿನವನು ಬಣ್ಣ, ಉಣ್ಣೆ, ಇಸವಿ ಓದೋ ಮೊದಲು ಒಬ್ಬಳ ಹೆಸರು ಓದ್ಬೇಕು. ಆ ಹೆಸರು ಬರೆದಿಡೋ ಕೆಲಸ ಈಗಿಂದಲೇ ಆಗ್ಬೇಕು.

ಹತ್ತೂ ಓದಿದವರು ಕೆಳಗೆ "ನೇಯ್ದವಳು ಯಾರು?" ಅಂತ ಹಾಕಿ. ಒಪ್ಪದಿದ್ರೆ ಕಾರಣ ಬರೀರಿ, ಪರೀಕ್ಷೆ ಮುಗಿದ್ಮೇಲೆ ಉತ್ತರ ಕೊಡ್ತೀನಿ. ಕಾಸ್ಟ್ ಅಕೌಂಟಿಂಗ್ ನೋಟ್ಸ್ ಯಾರ ಹತ್ರ ಇದೆ, ಅದನ್ನೂ ಹೇಳಿ.

#ನೇಯ್ದವಳುಯಾರು #ಡಿನೇ #ನವಾಹೊಕಂಬಳಿ #ಅರಗಿನಕೆಂಪು #ಬಿಕಾಂಬರಹ